ಕಾರ್ಖಾನೆಗೆ ಸಿಂಗರಿಸಿದ ತೋಟ

ಚನ್ನಪಟ್ಟಣಕ್ಕೆ ಕಾರ್ಖಾನೆ ತರುವ ಕೆಲಸ ಶುರುವಾದದ್ದು ನಮ್ಮ ಮನೆಯ ಪಡಸಾಲೆಯಲ್ಲಿ, ಬಾಳೆಲೆಯ ಮುಂದೆ. ನಮ್ಮ ಮಾವನವರು ಮುನಿಸಿಪಾಲಿಟಿಯ ಕೌನ್ಸಿಲರು. ಸಭೆ ನಡೆಯಬೇಕಾದದ್ದು ಕಚೇರಿಯಲ್ಲಿ. ಆದರೆ ಕಚೇರಿಯಲ್ಲಿ ಕೂತರೆ ಬರೀ ಮಾತು, ನಮ್ಮಲ್ಲಿ ಕೂತರೆ ಮಾತಿನ ಜೊತೆಗೆ ಊಟ. ಹಾಗಾಗಿ ಊರಿನ ಭವಿಷ್ಯದ ವಿಷಯ ಬಂದಾಗಲೆಲ್ಲ ಪ್ರೆಸಿಡೆಂಟರೂ ಉಳಿದ ಕೌನ್ಸಿಲರುಗಳೂ ಹೊತ್ತಿಗೆ ಸರಿಯಾಗಿ ನಮ್ಮ ಜಗಲಿ ಹತ್ತುತ್ತಿದ್ದರು. ನಾನು ಆಗ ಆ ಮನೆಗೆ ಹೊಸ ಸೊಸೆ. ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು, ಯಾರ ಎಲೆಯಲ್ಲಿ ಏನು ಮುಗಿಯಿತು ಎಂದು ನೋಡುವುದು ನನ್ನ ಕೆಲಸ. ಕೈಗಾರಿಕೆಯ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆ ಬಾಗಿಲ ಮರೆಯಲ್ಲಿ ಕಲಿತದ್ದು. ಅದೇನೂ ಕಡಿಮೆಯಲ್ಲ.

ಆಗ ಮೈಸೂರು ಸೀಮೆಗೆಲ್ಲ ಕಾರ್ಖಾನೆಯ ಹುಚ್ಚು ಹಿಡಿದಿತ್ತು. ನೆಲ ಗುರುತು ಮಾಡಿ, ಬಂಡವಾಳ ಇರುವವರನ್ನು ಕರೆತನ್ನಿ, ಊರು ಉದ್ಧಾರವಾಗಲಿ ಎಂದು ಸರ್ಕಾರ ಎಲ್ಲ ಪಟ್ಟಣಗಳಿಗೂ ಬುದ್ಧಿ ಹೇಳುತ್ತಿತ್ತು. ನಮ್ಮವರಿಗೆ ಉದ್ಧಾರಕ್ಕಿಂತ ದೊಡ್ಡ ಚಿಂತೆ ಕ್ಲೋಸ್‌ಪೇಟೆಯದು. ಈಗ ರಾಮನಗರ ಎನ್ನುವ ಆ ಊರು ಬೆಂಗಳೂರಿನಿಂದ ರೈಲಿನಲ್ಲಿ ಬರುವವರಿಗೆ ನಮಗಿಂತ ಮೊದಲು ಸಿಗುತ್ತದೆ. ಬಂಡವಾಳಸ್ಥನೊಬ್ಬ ಕಾಲು ಜೋಮು ಹಿಡಿಯಿತೆಂದು ಅಲ್ಲೇ ಇಳಿದುಬಿಟ್ಟರೆ ನಮ್ಮ ಗತಿ ಏನು? ಮಾಗಡಿಗೂ ಕಾನಕಾನಹಳ್ಳಿಗೂ ರೈಲೇ ಇರಲಿಲ್ಲ. ಅವುಗಳ ಬಗ್ಗೆ ನಮ್ಮವರು ಸಾರು ಸುರಿದುಕೊಳ್ಳುತ್ತ ಮರುಕ ಪಡುತ್ತಿದ್ದರು.

ಕಾರ್ಖಾನೆಗೆ ಬರುವವರಿಗೆ ಏನೇನು ಕೊಡಬೇಕು ಎಂದು ಒಂದು ಮಧ್ಯಾಹ್ನ ತೀರ್ಮಾನವಾಯಿತು. ನೆಲ ಹೆಸರಿಗಷ್ಟೇ ಗುತ್ತಿಗೆ. ಸಾಮಾನಿನ ಮೇಲೆ ಪಟ್ಟಣದ ಸುಂಕ ಇಲ್ಲ. ನೀರು ಬೇಕಾದರೆ ಊರಿನ ಖರ್ಚಿನಲ್ಲೇ ತೋಡಿಸಿಕೊಡುವುದು. ಕೊಡುವ ಉತ್ಸಾಹದಲ್ಲಿ ಒಬ್ಬರು ಬಂದವರಿಗೆ ಮನೆಯನ್ನೂ ಕಟ್ಟಿಸಿಕೊಡೋಣ ಎಂದರು. ಅವರನ್ನು ಸುಮ್ಮನಿರಿಸಬೇಕಾದರೆ ನಾನು ಇನ್ನೊಂದು ಸುತ್ತು ಪಾಯಸ ಬಡಿಸಬೇಕಾಯಿತು. ಎಲ್ಲವೂ ತಯಾರಾದ ಮೇಲೆ ಯಾರಿಗೋ ನೆನಪಾಯಿತು, ಕೊಡಲು ನೆಲವೇ ಇಲ್ಲ. ಮುನಿಸಿಪಾಲಿಟಿಯ ಕೈಯಲ್ಲಿದ್ದದ್ದು ಸ್ಟೇಷನ್ನಿನ ಆಚೆಗಿನ ಕಲ್ಲು ಗುಡ್ಡೆ. ಕತ್ತೆ ಕೂಡ ಅಲ್ಲಿ ಮೇಯುತ್ತಿರಲಿಲ್ಲ.

ಸ್ಟೇಷನ್ನಿನ ಪಕ್ಕದಲ್ಲೇ ಚಪ್ಪಟೆಯಾದ, ದಾರಿಗೆ ಅಂಟಿಕೊಂಡ ನೆಲ ಇದ್ದದ್ದು ಒಂದೇ. ನಮ್ಮ ಅತ್ತೆಯ ಹಿಪ್ಪುನೇರಳೆ ತೋಟ.

ಅತ್ತೆಯ ತೋಟ ಎಂದೆ. ಕಾಗದ ಪತ್ರ ಮಾವನವರ ಹೆಸರಿನಲ್ಲಿತ್ತು, ಆ ಕಾಲದಲ್ಲಿ ಹಾಗೇ. ಆದರೆ ಅದು ಅತ್ತೆಗೆ ತವರಿನವರು ಬಳುವಳಿಯಾಗಿ ಕೊಡಿಸಿದ್ದು. ತೋಟದ ಮಧ್ಯೆ ಒಂದು ಬಾವಿ, ಬಾವಿಯ ಪಕ್ಕ ಒಂದು ಕೊಟ್ಟಿಗೆ. ಕೊಟ್ಟಿಗೆಯಲ್ಲಿ ಒಲೆಗಳ ಮೇಲೆ ರೇಷ್ಮೆ ಗೂಡು ಬೇಯಿಸಿ ಚರಕದಲ್ಲಿ ನೂಲು ತೆಗೆಯುತ್ತಿದ್ದರು. ಪೇಟೆಯಿಂದ ಬರುತ್ತಿದ್ದ ಮುಸಲ್ಮಾನ ಹೆಂಗಸರು ಒಲೆಯ ಮುಂದೆ ಕೂತರೆ ಅತ್ತೆ ಒಂದು ಮಣೆ ಹಾಕಿಕೊಂಡು ನಡುವೆ ಕೂರುತ್ತಿದ್ದರು. ಮನೆಯಲ್ಲಿ ಮಾತೇ ಆಡದ ನಮ್ಮ ಅತ್ತೆ ಅಲ್ಲಿ ಬಾಯಿ ತುಂಬ ನಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಬಾವಿಯ ನೀರು ಎಷ್ಟು ಮೆದುವೆಂದರೆ ನೂಲು ಎಳೆದಷ್ಟೂ ಹೊಳಪು ಬರುತ್ತಿತ್ತು. ಮನೆಗೆ ಕುಡಿಯಲು ಕೂಡ ದಿನವೂ ಅಲ್ಲಿಂದಲೇ ಎರಡು ಕೊಡ ಬರುತ್ತಿತ್ತು.

ಅವತ್ತು ಎಲ್ಲರೂ ಎದ್ದು ಹೋದ ಮೇಲೆ ಮಾವನವರು ಹಿತ್ತಲಲ್ಲಿ ಕೈ ಒಡ್ಡಿ ನಿಂತರು. ಅತ್ತೆ ಚೊಂಬಿನಿಂದ ನೀರು ಹಾಕುತ್ತಿದ್ದರು.

“ಸ್ಟೇಷನ್ ತೋಟ ಊರಿಗೆ ಕೊಟ್ಬುಟ್ಟೆ ಕಣೇ,” ಎಂದರು ಮಾವನವರು.

“ಯಾರ್ ತೋಟ?” ಎಂದರು ಅತ್ತೆ.

“ನಮ್ದೇ. ಕಾರ್ಖಾನೆ ಬತ್ತದೆ. ನಮ್ ಹೆಸ್ರು ನಿಂತ್ಕತದೆ.”

ಅತ್ತೆ ಮಿಕ್ಕ ನೀರನ್ನು ಅವರ ಕೈಗೆ ಪೂರ್ತಿ ಸುರಿದು ಒಳಗೆ ಹೋದರು. ನನಗೆ ಮೈ ಉರಿದುಹೋಯಿತು. ಹೊಸ ಸೊಸೆಯ ಮೈ ಉರಿಯಿಂದ ಯಾರ ಮನೆಯಲ್ಲೂ ಸೌದೆ ಉಳಿತಾಯವಾಗುವುದಿಲ್ಲವಾದ್ದರಿಂದ ಹೋಗಿ ಪಾತ್ರೆ ಉಜ್ಜಿದೆ. ಮುಂದಿನ ವಾರ ಮುನಿಸಿಪಾಲಿಟಿಯವರು ಮಾವನವರಿಗೆ ಹಾರ ಹಾಕಿದರು. ಅತ್ತೆಯ ಒಲೆಗಳೂ ಚರಕಗಳೂ ಗಾಡಿಯಲ್ಲಿ ಬಂದು ನಮ್ಮ ಹಿತ್ತಲಿನ ಸೌದೆ ಮನೆ ಸೇರಿದವು.

ನೆಲ ಸಿಕ್ಕಿತು. ಈಗ ಅದನ್ನು ಕೊಳ್ಳುವವರಿಗೆ ತೋರಿಸುವುದು ಹೇಗೆ? ಇದು ನಮ್ಮವರಿಗೆ ಹೊಸದು. ಬಂಡವಾಳಸ್ಥರು ತಾವೇ ಬರುವುದಿಲ್ಲ, ಮೊದಲು ತಮ್ಮ ಏಜೆಂಟರನ್ನು ಕಳಿಸುತ್ತಾರೆ, ಏಜೆಂಟರ ಮನಸ್ಸು ಗೆದ್ದರೆ ಅರ್ಧ ಗೆದ್ದ ಹಾಗೆ ಎಂದು ಬೆಂಗಳೂರಿಗೆ ಹೋಗಿ ಬಂದ ಪ್ರೆಸಿಡೆಂಟರು ಹೇಳಿದರು. ಏಜೆಂಟನ ಮನಸ್ಸು ಗೆಲ್ಲಬೇಕಾದರೆ ನಮ್ಮ ಕಡೆಯೂ ಒಬ್ಬ ಪಕ್ಕಾ ದಳ್ಳಾಳಿ ಬೇಕು ಎಂದರು ಮಾವನವರು. ಅದು ಎಲ್ಲರಿಗೂ ಒಪ್ಪಿಗೆಯಾಯಿತು. ನಮ್ಮ ಸೀಮೆಯಲ್ಲಿ ಪಕ್ಕಾ ದಳ್ಳಾಳಿ ಎಂದರೆ ಒಬ್ಬನೇ. ದನದ ಸಂತೆಯಲ್ಲಿ ಎತ್ತು ಮಾರಿಸುವವನು.

ತಮಾಷೆಗೆ ಹೇಳುತ್ತಿಲ್ಲ. ಆತ ಕಿವಿಗೆ ಒಂಟಿ ಹಾಕಿಕೊಂಡು, ಹೆಗಲ ಮೇಲೆ ಕೆಂಪು ವಲ್ಲಿ ಇಳಿಬಿಟ್ಟುಕೊಂಡು ನಮ್ಮ ಮನೆಗೆ ಬಂದ. ಮುದ್ದೆ ಉಂಡ. ಆಮೇಲೆ ಕೌನ್ಸಿಲರುಗಳ ಜೊತೆ ತೋಟಕ್ಕೆ ಹೋಗಿ, ಎತ್ತಿನ ಸುತ್ತ ತಿರುಗುವ ಹಾಗೆ ನೆಲದ ಸುತ್ತ ತಿರುಗಿದ. ವಾಪಸ್ಸು ಬಂದು ಜಗಲಿಯ ಮೇಲೆ ಕೂತು ಅವನು ಕೊಟ್ಟ ತೀರ್ಪು ನನಗೆ ಈಗಲೂ ಬಾಯಿಪಾಠ.

“ಮೈ ಚೆಂದಾಗೈತೆ ಸ್ವಾಮಿ, ಇಲ್ಲ ಅನ್ನಕ್ಕಿಲ್ಲ. ಆದ್ರೆ ಕೂದ್ಲು ಜಾಸ್ತಿ ಬೆಳ್ದದೆ. ಮಾರೋ ಎತ್ತಿನ ಮೇಲೆ ಯಾರಾರ ಇಷ್ಟು ಕೂದ್ಲು ಬುಡ್ತಾರಾ? ಎಲ್ಲ ತೆಗೀಬೇಕು. ಇನ್ನೊಂದು, ಬೆನ್ನ ಮೇಲೆ ಸುಳಿ ಐತೆ. ಕೆಟ್ಟ ಸುಳಿ. ಗಿರಾಕಿ ಮೊದ್ಲು ಅದನ್ನೇ ನೋಡ್ತಾನೆ. ಅದು ಕಾಣ್ಕೂಡ್ದು.”

ಕೂದಲು ಎಂದರೆ ಹಿಪ್ಪುನೇರಳೆ. ಸುಳಿ ಎಂದರೆ ಬಾವಿ.

ಎತ್ತು ಕೊಳ್ಳುವವನು ಸುಳಿ ನೋಡುವುದು ನಿಜವೇ. ಬೆನ್ನಿನ ಮೇಲೆ ಕೂದಲು ತಪ್ಪು ಕಡೆ ಸುತ್ತಿಕೊಂಡಿದ್ದರೆ ಎಂಥ ಎತ್ತನ್ನೂ ನಮ್ಮ ರೈತ ಮುಟ್ಟುವುದಿಲ್ಲ. ನಮ್ಮ ಕೌನ್ಸಿಲರುಗಳೆಲ್ಲ ಮೂಲದಲ್ಲಿ ಒಕ್ಕಲು ಮಕ್ಕಳು. ಅಂಗಡಿ ಇಟ್ಟಿರಲಿ, ಕೋಟು ತೊಟ್ಟಿರಲಿ, ಸುಳಿ ಎಂದ ಕೂಡಲೇ ಅವರ ಎದೆ ನಡುಗಿತು. ದುಡ್ಡು ಹಾಕುವವನು ಯಂತ್ರ ಇಡಲು ಬರುತ್ತಾನೆ, ನೆಲದ ನಡುವೆ ಗುಂಡಿ ಇದ್ದರೆ ಅಪಶಕುನ ಎಂದುಕೊಳ್ಳುವುದಿಲ್ಲವೇ? ಯಂತ್ರಕ್ಕೆ ಸಮತಟ್ಟು ಬೇಕು ಎಂದು ಒಬ್ಬರು ಓದಿದ್ದರಂತೆ. ಓದಿದವರ ಮಾತೂ ದಳ್ಳಾಳಿಯ ಮಾತೂ ಒಂದೇ ಆದ ಮೇಲೆ ಇನ್ನೇನು ಉಳಿಯಿತು?

ಗಿಡಗಳನ್ನು ಬೇರು ಸಮೇತ ಕಿತ್ತರು. ಹಿಪ್ಪುನೇರಳೆ ಹಟಮಾರಿ ಗಿಡ, ಒಂದು ಗೆಣ್ಣು ಉಳಿದರೂ ಚಿಗುರುತ್ತದೆ. ಆದ್ದರಿಂದ ಆಳುಗಳು ಅಗೆದದ್ದನ್ನೇ ಮತ್ತೆ ಅಗೆದರು. ಬಾವಿಗೆ ಮೊದಲು ಕೊಟ್ಟಿಗೆಯ ಗೋಡೆ ಬಿತ್ತು, ಆಮೇಲೆ ಕಲ್ಲು ಗುಡ್ಡೆಯ ಕಲ್ಲು, ಆಮೇಲೆ ಗಾಡಿಗಟ್ಟಲೆ ಮಣ್ಣು. ಮುಚ್ಚುವುದಕ್ಕೆ ಮುಂಚಿನ ಸಂಜೆ ಅತ್ತೆ ನನ್ನನ್ನು ಕರೆದುಕೊಂಡು ಹೋಗಿ ಎಷ್ಟು ಕೊಡ ಸಿಕ್ಕಿತೋ ಅಷ್ಟನ್ನೂ ತುಂಬಿಸಿಕೊಂಡು ಬಂದು ಮನೆಯ ತಾಮ್ರದ ಹಂಡೆಗೆ ಸುರಿದು ಬಟ್ಟೆ ಕಟ್ಟಿದರು. ಯಾಕೆ ಎಂದು ನಾನು ಕೇಳಲಿಲ್ಲ. ಸತ್ತವರ ಮನೆಯಲ್ಲಿ ಯಾರೂ ಯಾವುದಕ್ಕೂ ಯಾಕೆ ಎನ್ನುವುದಿಲ್ಲವಲ್ಲ.

ಮಾರನೇ ದಿನದಿಂದ ನಮ್ಮ ಮನೆಗೆ ಬೀದಿ ಬಾವಿಯ ಗಡಸು ನೀರು. ಅದರಲ್ಲಿ ಕಾಳು ಬೇಯುತ್ತಿರಲಿಲ್ಲ. ಪ್ರೆಸಿಡೆಂಟರು ಸಾರಿನಲ್ಲಿದ್ದ ಕಾಳನ್ನು ಹಲ್ಲಿನ ಮಧ್ಯೆ ಹೊರಳಿಸುತ್ತ, “ಈ ಸಲ ಕಾಳು ಒಸಿ ಬಲ್ತೋಗದೆ,” ಎಂದರು. ಹೌದು ಎಂದು ಎಲ್ಲರೂ ಕಾಳನ್ನೇ ಬೈದರು.

ತೋಟ, ಅಂದರೆ ಹಿಂದೆ ತೋಟವಾಗಿದ್ದದ್ದು, ಅಂಗೈ ಹಾಗೆ ಬೋಳಾಯಿತು. ಎತ್ತಿನ ಕೊಂಬಿಗೆ ಬಣ್ಣ ಬಳಿಯುವ ಹಾಗೆ ಅಂಚಿನ ಕಲ್ಲುಗಳಿಗೆ ಸುಣ್ಣ ಬಳಿದು ಕೆಮ್ಮಣ್ಣಿನ ಪಟ್ಟೆ ಎಳೆದರು. ನಾಲ್ಕು ಮೂಲೆಗೂ ಮಾವಿನ ತೋರಣ ಬಂತು. ಒಂದು ಕೊರಳ ಗಂಟೆ ಕಟ್ಟುವುದು ಮಾತ್ರ ಬಾಕಿ.

ಕೊನೆಗೂ ಒಬ್ಬ ಏಜೆಂಟರು ಬರುತ್ತಾರೆ ಎಂದು ಸುದ್ದಿಯಾಯಿತು. ಬೆಂಗಳೂರು ದಂಡಿನವರು. ಮುಂಬಯಿಯ ಯಾವುದೋ ರೇಷ್ಮೆ ಕಂಪನಿಗೆ ಜಾಗ ನೋಡುತ್ತಿದ್ದವರು. ರೇಷ್ಮೆ ಎಂದು ಕೇಳಿ ಅತ್ತೆ ಹಿಟ್ಟು ಕಲಸುತ್ತಿದ್ದ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಆಮೇಲೆ ಮತ್ತೆ ಕಲಸತೊಡಗಿದರು.

ಬಂದವರಿಗೆ ಆ ತೋಟದ ನೆಲದಲ್ಲೇ ಊಟ ಹಾಕಬೇಕು, ಉಂಡ ನೆಲಕ್ಕೆ ಇಲ್ಲ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ ಎನ್ನುವುದು ಮಾವನವರ ಯೋಚನೆ. ಚಪ್ಪರ ಎದ್ದಿತು. ಬಾವಿ ಮುಚ್ಚಿದ ಜಾಗದಲ್ಲಿ ಮಣ್ಣಿನ ಬಣ್ಣ ಬೇರೆಯಾಗಿ ಕಾಣುತ್ತಿತ್ತು. ಅದನ್ನು ಮರೆಮಾಡಲು ಅಲ್ಲಿಗೇ ಜಮಖಾನ ಹಾಸಿ, ಅದರ ಮೇಲೆ ಅತಿಥಿಗಳ ದೊಡ್ಡ ಕುರ್ಚಿ ಇಟ್ಟರು. ನಾನೂ ಅತ್ತೆಯೂ ಗಾಡಿಯಲ್ಲಿ ಅಡುಗೆ ತೆಗೆದುಕೊಂಡು ಹೋದೆವು. ಹೊರಡುವ ಮುಂಚೆ ಅತ್ತೆ ಹಂಡೆಯ ಬಟ್ಟೆ ಬಿಚ್ಚಿ, ಒಂದು ಕೊಡ ತುಂಬಿ, ಅದನ್ನು ಮಾತ್ರ ತಮ್ಮ ಮಡಿಲಲ್ಲಿ ಇಟ್ಟುಕೊಂಡು ಕೂತರು.

ಏಜೆಂಟರು ಸಣ್ಣ ಮನುಷ್ಯ. ಹ್ಯಾಟು, ಬೂಟು, ತಮಿಳು ಬೆರೆತ ಕನ್ನಡ. ಅವರು ಕುರ್ಚಿಯಲ್ಲಿ ಕೂತ ಕೂಡಲೇ ನಮ್ಮ ದಳ್ಳಾಳಿ ಪಕ್ಕಕ್ಕೆ ಸರಿದು, ತನ್ನ ಕೆಂಪು ವಲ್ಲಿಯನ್ನು ಅವರ ಕೈಯ ಮೇಲೆ ಹೊದಿಸಿ, ಅದರ ಕೆಳಗೆ ಅವರ ಬೆರಳು ಹಿಡಿದುಕೊಂಡ. ಸಂತೆಯಲ್ಲಿ ವ್ಯಾಪಾರ ನಡೆಯುವುದು ಹಾಗೆಯೇ. ಬಾಯಿಬಿಟ್ಟು ಬೆಲೆ ಹೇಳುವವನು ದಳ್ಳಾಳಿಯೇ ಅಲ್ಲ. ಬಟ್ಟೆಯ ಕೆಳಗೆ ಬೆರಳು ಅದುಮಿದ್ದು ಇಬ್ಬರಿಗೆ ಮಾತ್ರ ಗೊತ್ತು.

ಏಜೆಂಟರು ಸ್ವಲ್ಪ ಹೊತ್ತು ಸಹಿಸಿಕೊಂಡರು. ಆಮೇಲೆ ಪ್ರೆಸಿಡೆಂಟರ ಕಡೆ ತಿರುಗಿ, “ನನಗೆ ಮೈಯಲ್ಲಿ ಎಲ್ಲ ಸರಿಯಾಗಿದೆ ಸಾರ್, ನಾಡಿ ನೋಡೋದು ಬೇಡ,” ಎಂದರು.

ದಳ್ಳಾಳಿಗೆ ಅವಮಾನವಾಯಿತು. ಬೆರಳ ಭಾಷೆಯೂ ಬಾರದ ಮನುಷ್ಯನ ಜೊತೆ ಏನು ವ್ಯಾಪಾರ ಎಂದು ಗೊಣಗಿ ಚಪ್ಪರದ ಕಂಬಕ್ಕೆ ಒರಗಿಕೊಂಡ.

ಏಜೆಂಟರು ಸುತ್ತ ನೋಡಿ ಮೊದಲ ಪ್ರಶ್ನೆ ಕೇಳಿದರು. ಇಲ್ಲಿ ಹಿಪ್ಪುನೇರಳೆ ಎಷ್ಟು ಬೆಳೆಯುತ್ತೆ?

ಕಂಬಕ್ಕೆ ಒರಗಿದ್ದ ದಳ್ಳಾಳಿಗೆ ಜೀವ ಬಂತು. “ಒಂದ್ ಗಿಡ ಬುಟ್ಟಿಲ್ಲ ಸ್ವಾಮಿ! ಬೇರಿಂದ ಕಿತ್ತಾಕಿದೀವಿ. ಎಲ್ಲಾರ ಒಂದು ಕಡ್ಡಿ ಸಿಕ್ರೆ ನನ್ ಕಿವಿ ಕುಯ್ಯಿರಿ.”

ಏಜೆಂಟರು ಆ ಕಿವಿಯನ್ನೇ ನೋಡುತ್ತ ಕೂತರು. ಆಮೇಲೆ ನೀರು ಕೇಳಿದರು. ಮಾವನವರ ಸನ್ನೆಗೆ ಆಳೊಬ್ಬ ಬೀದಿ ಬಾವಿಯ ನೀರನ್ನು ಚೊಂಬಿನಲ್ಲಿ ತಂದ. ಅವರು ಕುಡಿಯಲಿಲ್ಲ. ಜೇಬಿನಿಂದ ಒಂದು ಚೂರು ಸೋಪು ತೆಗೆದು, ಆ ನೀರು ಹಾಕಿ ಅಂಗೈಯಲ್ಲಿ ಉಜ್ಜಿದರು. ನೊರೆ ಬರಲಿಲ್ಲ, ಬಿಳಿ ಕೆನೆಯ ಹಾಗೆ ಏನೋ ಅಂಟಿಕೊಂಡಿತು. ತಲೆ ಅಲ್ಲಾಡಿಸಿದರು. ರೇಷ್ಮೆಗೆ ಈ ನೀರು ಆಗುವುದಿಲ್ಲ ಎಂದರು. ಕೌನ್ಸಿಲರುಗಳು ಸೋಪು ಸರಿ ಇಲ್ಲವೇನೋ ಎಂದು ಪಿಸುಗುಟ್ಟಿದರು.

ಆಗ ಅತ್ತೆ ಎದ್ದರು. ಸೆರಗು ತಲೆಯ ಮೇಲೆ ಎಳೆದುಕೊಂಡು, ತಮ್ಮ ಕೊಡದಿಂದ ಒಂದು ಚೊಂಬು ನೀರು ಬಗ್ಗಿಸಿ ಏಜೆಂಟರ ಮುಂದೆ ಹಿಡಿದರು. ಅವರು ಮರ್ಯಾದೆಗೆ ತೆಗೆದುಕೊಂಡು ಸೋಪಿನ ಮೇಲೆ ಹಾಕಿದರು. ಎರಡು ಸಲ ಉಜ್ಜುವಷ್ಟರಲ್ಲಿ ನೊರೆ ಉಕ್ಕಿ ಮಣಿಕಟ್ಟಿನಿಂದ ಕೆಳಗಿಳಿಯಿತು. ಸಣ್ಣ ಮನುಷ್ಯ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಅವರು ಹಾಗೆ ಜೋರಾಗಿ ಸರಿದು ಕೂತದ್ದಕ್ಕೋ ಏನೋ, ಕುರ್ಚಿಯ ಹಿಂದಿನ ಕಾಲೊಂದು ಜಮಖಾನದ ಸಮೇತ ಮಣ್ಣಿನೊಳಕ್ಕೆ ಇಳಿಯಿತು. ಇಬ್ಬರು ಕೌನ್ಸಿಲರುಗಳು ಓಡಿಬಂದು ಹಿಡಿದುಕೊಂಡರು.

ಓರೆಯಾದ ಕುರ್ಚಿಯಲ್ಲೇ ಕೂತು, ನೊರೆಯ ಕೈ ಮೇಲಕ್ಕೆ ಹಿಡಿದುಕೊಂಡು ಏಜೆಂಟರು ಕೇಳಿದರು. “ಅಮ್ಮಾ, ಈ ನೀರು ಎಲ್ಲಿಂದ?”

“ನಿಮ್ ಕುರ್ಚಿ ಕೆಳಗಿಂದ ಸ್ವಾಮಿ,” ಎಂದರು ಅತ್ತೆ. “ಬಾವಿ ಇತ್ತು. ನೀವ್ ಬತ್ತೀರಿ ಅಂತ ಮುಚ್ಚವ್ರೆ.”

ನನಗೆ ನಗು ತಡೆಯಲಾಗಲಿಲ್ಲ. ಪಾಯಸದ ಪಾತ್ರೆಯ ಹಿಂದೆ ಕೂತು, ಸೆರಗನ್ನು ಬಾಯಿಗೆ ತುರುಕಿಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ತಲೆ ಎತ್ತಿ ನೋಡಿದರೆ ಅತ್ತೆ ನಗುತ್ತಿರಲಿಲ್ಲ. ಏಜೆಂಟರು ಕೆಳಗಿಟ್ಟ ಚೊಂಬು ತೆಗೆದುಕೊಂಡು, ಮಿಕ್ಕ ನೀರನ್ನು ಒಂದು ಹನಿಯೂ ಚೆಲ್ಲದ ಹಾಗೆ ಕೊಡಕ್ಕೆ ಸುರಿಯುತ್ತಿದ್ದರು. ನನ್ನ ನಗು ಅಲ್ಲೇ ಸತ್ತುಹೋಯಿತು.

ಏಜೆಂಟರು ಒಳ್ಳೆಯವರೇ. ಊಟ ಮಾಡಿದರು, ಹಾರ ಹಾಕಿಸಿಕೊಂಡರು, ಸಂಜೆಯ ರೈಲು ಹತ್ತಿದರು. ನೇರ ಬೆಂಗಳೂರಿಗೆ ಹೋಗಲಿಲ್ಲ, ಕ್ಲೋಸ್‌ಪೇಟೆಯಲ್ಲಿ ಇಳಿದರು. ಅಲ್ಲಿಯವರಿಗೆ ನಮ್ಮಷ್ಟು ತಿಳಿವಳಿಕೆ ಇರಲಿಲ್ಲ. ತಮ್ಮ ಹಿಪ್ಪುನೇರಳೆಯನ್ನೂ ಬಾವಿಗಳನ್ನೂ ಇದ್ದ ಹಾಗೆಯೇ ಬಿಟ್ಟಿದ್ದರು. ಅವರ ಸೋಮಾರಿತನಕ್ಕೆ ಕಂಪನಿ ಸಿಕ್ಕಿತು ಎಂದು ನಮ್ಮ ಪಡಸಾಲೆಯಲ್ಲಿ ಬಹಳ ದಿನ ಮಾತಾಯಿತು.

ನಮ್ಮ ನೆಲ ಹಾಗೇ ಬಿದ್ದಿತ್ತು. ಮಳೆ ಬಂತು, ಸುಣ್ಣ ತೊಳೆದುಹೋಯಿತು, ಬಾವಿಯ ಜಾಗದಲ್ಲಿ ಮಣ್ಣು ಕುಸಿದು ಬೋಗುಣಿಯ ಹಾಗೆ ನೀರು ನಿಂತಿತು. ಅದರಲ್ಲಿ ಎಮ್ಮೆಗಳು ಮಲಗುತ್ತಿದ್ದವು. ಅತ್ತೆ ದಿನಕ್ಕೊಮ್ಮೆ ಸೌದೆ ಮನೆಗೆ ಹೋಗಿ ಚರಕಗಳ ಮೇಲಿನ ಧೂಳು ಒರೆಸಿ ಬರುತ್ತಿದ್ದರು. ಕೆಲಸ ಕಳೆದುಕೊಂಡ ಹೆಂಗಸರು ಆಗೀಗ ಹಿತ್ತಲ ಬಾಗಿಲಿಗೆ ಬಂದು, ಅಮ್ಮ ಮತ್ತೆ ಯಾವಾಗ ಎಂದು ಕೇಳುತ್ತಿದ್ದರು. ಅತ್ತೆ ಅವರಿಗೆ ಎಲೆ ಅಡಿಕೆ ಕೊಟ್ಟು ಕಳಿಸುತ್ತಿದ್ದರು. ಹಾಗೆ ಕಳಿಸಿದ ದಿನ ಅವರಿಗೆ ಊಟ ಸೇರುತ್ತಿರಲಿಲ್ಲ.

ಒಂದು ದಿನ ಮತ್ತೆ ಸಭೆ. ಈ ಸಲ ಬೆಂಕಿಪೊಟ್ಟಣದ ಕಾರ್ಖಾನೆಯವರನ್ನು ಕರೆಸುವ ಮಾತು. ದಳ್ಳಾಳಿಯೂ ಬಂದಿದ್ದ. ಕಡ್ಡಿಗೆ ಬೇಕಾಗುತ್ತದೆ, ದಾರಿ ಬದಿಯ ಮರಗಳನ್ನು ಕಡಿಸಿ ಒಟ್ಟಿಟ್ಟರೆ ಹೇಗೆ ಎಂದು ಯೋಚನೆ ನಡೆದಿತ್ತು. ಅತ್ತೆ ಅನ್ನದ ಪಾತ್ರೆ ತೆಗೆದುಕೊಂಡು ಹೊರಗೆ ಬಂದರು. ಬಡಿಸಲಿಲ್ಲ. ಪಾತ್ರೆಯನ್ನು ಪಡಸಾಲೆಯ ನಡುವೆ ಇಟ್ಟು ನಿಂತುಕೊಂಡರು.

“ಆ ನೆಲ ನಂಗೆ ಗುತ್ತಿಗೆಗೆ ಕೊಡಿ,” ಎಂದರು, ಪ್ರೆಸಿಡೆಂಟರನ್ನು ನೋಡಿ.

ಪ್ರೆಸಿಡೆಂಟರು ನಕ್ಕರು. “ನಿಮ್ಗ್ಯಾಕವ್ವ ಅದು?”

“ರೇಷ್ಮೆ ತೆಗೀತೀನಿ. ಒಲೆ ಅವೆ, ಚರಕ ಅವೆ, ಆಳ್ಗಳು ಅವ್ರೆ. ಕೈಗಾರಿಕೆ ಮಾಡೋರ್ಗೆ ಏನೇನ್ ಕೊಡ್ತೀವಿ ಅಂತ ಇದೇ ಎಲೆ ಮುಂದೆ ಕೂತು ಹೇಳಿದ್ರಲ್ಲ, ಅದನ್ನ ಕೊಡಿ. ಬಾವಿ ತೋಡಿಸ್ಕೊಡಿ. ಒಸಿನೂ ಹೆಚ್ಗೆ ಬ್ಯಾಡ.”

ಯಾರೂ ಉಣ್ಣುತ್ತಿರಲಿಲ್ಲ. ಪ್ರೆಸಿಡೆಂಟರು ಮಕ್ಕಳಿಗೆ ತಿಳಿಹೇಳುವ ದನಿಯಲ್ಲಿ ಶುರುಮಾಡಿದರು. “ಅದೆಲ್ಲ ಹೊರಗ್ನಿಂದ ಬಂದೋರ್ಗೆ ಕಣವ್ವ. ಊರೋರ್ಗೆ ಕೊಟ್ರೆ ಹೊರಗ್ನೋರು ಯಾಕ್ ಬತ್ತಾರೆ? ಊರೋರು ಹೆಂಗೂ ಇಲ್ಲೇ ಇರ್ತಾರೆ.”

“ನಾನ್ ಹೊರಗ್ನೋಳೇ ಅಲ್ವಾ ಸ್ವಾಮಿ,” ಎಂದರು ಅತ್ತೆ. “ಮಾಗಡಿಯಿಂದ ಬಂದೋಳು. ಈ ಮನೇಲಿ ನಾನು ಬಾಯ್ ಬುಟ್ಟಾಗೆಲ್ಲ ಅದ್ನೇ ಹೇಳವ್ರೆ, ನೀನು ಹೊರಗಿಂದ ಬಂದೋಳು ಸುಮ್ನಿರು ಅಂತ. ಇಷ್ಟು ವರ್ಷ ಆಯ್ತು. ಬೇಕಾದ್ರೆ ಅವ್ರನ್ನೇ ಕೇಳಿ.”

ಎಲ್ಲರೂ ಮಾವನವರ ಕಡೆ ತಿರುಗಿದರು. ಅವರ ಮುಖ ಕೆಂಪಗಾಗಿತ್ತು. ಬೈಯುತ್ತಾರೆ ಎಂದುಕೊಂಡು ನಾನು ಬಾಗಿಲು ಹಿಡಿದುಕೊಂಡೆ. ಅವರು ಎಲೆಯಲ್ಲಿದ್ದ ಉಪ್ಪನ್ನು ಬೆರಳಿನಿಂದ ಒಂದು ಕಡೆ ಸರಿಸಿದರು.

“ಹೌದು,” ಎಂದರು. “ಹೊರಗ್ನೋಳು.”

ನೆಲ ಅತ್ತೆಗೆ ಗುತ್ತಿಗೆಯಾಯಿತು. ಊರಿನ ಖರ್ಚಿನಲ್ಲೇ ಬಾವಿ ತೋಡಿದರು. ಅಷ್ಟು ಶ್ರದ್ಧೆಯಿಂದ ಮುಚ್ಚಿದ್ದ ಬಾವಿಯಾದ್ದರಿಂದ ಬೇಸಿಗೆಯೆಲ್ಲ ಹಿಡಿಯಿತು. ಕೊಟ್ಟಿಗೆ ಮತ್ತೆ ಎದ್ದಿತು, ಹೆಂಗಸರು ಒಲೆಯ ಮುಂದೆ ಬಂದು ಕೂತರು, ಅತ್ತೆಯ ಮಣೆ ನಡುವೆ ಬಂತು. ಗಿಡ ಬೆಳೆಯುವ ತನಕ ಹಳ್ಳಿಗಳಿಂದ ಗೂಡು ತರಿಸುತ್ತಿದ್ದರು. ಇನ್ನೂ ಒಂದು ಮಾತು. ಬಾವಿಯ ನೀರು ಕೈಗಾರಿಕೆಗೆ ಮಾತ್ರ, ಮನೆ ಬಳಕೆಗೆ ಒಯ್ಯಕೂಡದು ಎಂದು ಗುತ್ತಿಗೆಗೆ ಒಂದು ಷರತ್ತು ಸೇರಿಸಿದ್ದರು. ಸ್ವಂತ ಹೆಂಡತಿಗೆ ಹೆಚ್ಚಿನ ಅನುಕೂಲ ಮಾಡಿಕೊಟ್ಟ ಎಂದು ಊರು ಆಡಿಕೊಳ್ಳಬಾರದೆಂದು ಅದನ್ನು ಬರೆಸಿದವರು ಮಾವನವರೇ.

ಅತ್ತೆ ಆ ಷರತ್ತನ್ನು ಒಂದು ಲೋಟದಷ್ಟೂ ಮೀರಲಿಲ್ಲ. ಮನೆಗೆ ಬೀದಿ ಬಾವಿಯ ನೀರೇ ಬರುತ್ತಿತ್ತು. ಮಾವನವರು ಊಟದ ಮಧ್ಯೆ ಅದನ್ನು ಗುಟುಕರಿಸಿ, ಲೋಟ ಕೆಳಗಿಟ್ಟು, ಅತ್ತೆಯ ಕಡೆ ಒಂದು ಗಳಿಗೆ ನೋಡುತ್ತಿದ್ದರು. ಏನೋ ಹೇಳುತ್ತಾರೆ ಎಂದು ಪ್ರತಿ ಸಲವೂ ನಾನು ಕಾಯುತ್ತಿದ್ದೆ. ಮತ್ತೆ ತಲೆ ಬಗ್ಗಿಸಿ ಉಣ್ಣುತ್ತಿದ್ದರು. ಇರುವ ತನಕವೂ ಹಾಗೇ ಇದ್ದರು.

ಅವರು ತೀರಿಕೊಂಡ ಮೇಲೆ, ಅತ್ತೆಯೂ ನಾನೂ ಇಬ್ಬರೇ ಕೊಟ್ಟಿಗೆಯಲ್ಲಿದ್ದಾಗ, ನಾನು ಕೇಳಿಯೇಬಿಟ್ಟೆ. ಅವರು ಒಂದು ಸಲ ಬಾಯಿಬಿಟ್ಟು ನೀರು ಕೇಳಿದ್ದರೆ ಕೊಡುತ್ತಿದ್ದಿರಾ ಅತ್ತೆ?

ಅತ್ತೆ ಚರಕ ನಿಲ್ಲಿಸಲಿಲ್ಲ.

“ಕೇಳಿದ್ರೆ ತೋಟಾನೇ ಕೊಡ್ತಿದ್ದೆ ಕಣಮ್ಮಿ,” ಎಂದರು. “ಅವತ್ತೂ ಕೇಳ್ನಿಲ್ಲ.”